ಉಳಿದು ನಿಂತ ಗುಡ್ಡ: ಪನ್ಹಾಳ

ಜತ್ತದ ಕನ್ನಡ ಬಂಧುಗಳಿಗೆ ನಮಸ್ಕಾರ.

ಬರುವ ಆದಿತ್ಯವಾರ ನಾವೆಲ್ಲ ಕೂಡಿ ಕೊಲ್ಹಾಪುರದ ಹತ್ತಿರದ ಪನ್ಹಾಳಗಡ ಹತ್ತಲು ಹೊರಟಿದ್ದೇವೆ. ಹನ್ನೆರಡನೆಯ ಶತಮಾನದ ಕೊನೆಗೆ ಶಿಲಾಹಾರ ದೊರೆ ಎರಡನೆಯ ಭೋಜ ಅಲ್ಲಿ ಕೋಟೆ ಕಟ್ಟಿಸಿದ್ದು, 1660ರ ಜುಲೈನಲ್ಲಿ ಬಿಜಾಪುರದ ಸರದಾರ ಸಿದ್ದಿ ಜೌಹರನ ಮುತ್ತಿಗೆಯಿಂದ ಶಿವಾಜಿ ಮಹಾರಾಜರು ಮಳೆಯ ರಾತ್ರಿಯಲ್ಲಿ ಪಾರಾಗಿ ವಿಶಾಳಗಡದ ಹಾದಿ ಹಿಡಿದದ್ದು ತಮಗೆಲ್ಲ ತಿಳಿದ ಸಂಗತಿಗಳೇ. ಕೊಲ್ಹಾಪುರದ ಶಿಲಾಹಾರರು ಕನ್ನಡದಲ್ಲಿಯೂ ಶಾಸನ ಬರೆಸಿದವರು ಎಂಬುದನ್ನು ಮಾತ್ರ ಅಭಿಮಾನದಿಂದ ನೆನೆದು, ಆ ಕೋಟೆಯನ್ನು ಹೊತ್ತ ಗುಡ್ಡದ ಬಗ್ಗೆ ಮಾತನಾಡುತ್ತೇನೆ.

ಇದು ಜ್ವಾಲಾಮುಖಿಯ ಕಲ್ಲಿನ ಗುಡ್ಡ. ಆದರೆ ನೆತ್ತಿಯಲ್ಲಿ ಹೊಗೆಯುಗುಳುವ ಬಾಯಿ ಹುಡುಕಿದರೆ ಸಿಗುವುದಿಲ್ಲ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ದಖ್ಖನ್ನಿನ ನೆಲ ಉದ್ದುದ್ದ ಬಿರುಕು ಬಿಟ್ಟಿತು. ಆ ಬಿರುಕುಗಳಿಂದ ಉಕ್ಕಿದ ಲಾವಾ ನೀರಿನಂತೆ ಹರಿದು, ಹರಡಿ, ಆರಿ ಕರಿಕಲ್ಲಾಯಿತು. ಅದರ ಮೇಲೆ ಮತ್ತೊಂದು, ಮಗದೊಂದು. ಬುಟ್ಟಿಯಲ್ಲಿ ರೊಟ್ಟಿ ಒಟ್ಟಿದಂತೆ ಪದರಗಳು ಬೆಳೆದವು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಈ ಕಲ್ಲು ಆವರಿಸಿದೆ, ಸಹ್ಯಾದ್ರಿಯ ಕೆಲವೆಡೆ ಅದರ ದಪ್ಪ 2 ಕಿಲೋಮೀಟರಿಗೂ ಹೆಚ್ಚು. ನಮ್ಮ ಜತ್ತದ ಹೊಲಗಳ ಎರೆಮಣ್ಣು ಈ ಕಲ್ಲೇ ಸವೆದು ಆದದ್ದು. ಭೂವಿಜ್ಞಾನಿಗಳು ಇದನ್ನು ‘ಡೆಕ್ಕನ್ ಟ್ರ್ಯಾಪ್’ ಎನ್ನುತ್ತಾರೆ. ಟ್ರ್ಯಾಪ್ ಎಂಬುದು ಸ್ವೀಡಿಷ್ ಭಾಷೆಯ ಮೆಟ್ಟಿಲು ಎಂಬ ಅರ್ಥದ ಶಬ್ದದಿಂದ ಬಂದದ್ದು. ಗಡದ ಮಗ್ಗುಲನ್ನು ದೂರದಿಂದ ನೋಡಿದವರಿಗೆ ಆ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಗುಡ್ಡ ಹುಟ್ಟಿದ್ದು ಹೇಗೆ? ಪನ್ಹಾಳ ತಾನಾಗಿ ಮೇಲೆದ್ದು ಬರಲಿಲ್ಲ, ಸುತ್ತಲಿನ ನೆಲವೇ ಇಳಿದುಹೋಯಿತು ಎಂದು ಹೇಳುವುದೇ ನನ್ನ ಇಂದಿನ ಮಾತಿನ ಉದ್ದೇಶ. ಕೋಟ್ಯಂತರ ಮಳೆಗಾಲಗಳು ಪದರಗಳನ್ನು ಕೊರೆದು ಹೊಳೆಗಳಿಗೆ ಒಯ್ದವು. ಅಂಥ ಸವೆತದಲ್ಲಿಯೂ ಗುಡ್ಡದ ನೆತ್ತಿಯನ್ನು ಕಾಯ್ದದ್ದು ಕೊಲ್ಹಾಪುರದವರು ಜಾಂಬಾ ಎನ್ನುವ, ನಮ್ಮ ಪುಸ್ತಕಗಳು ಜಂಬಿಟ್ಟಿಗೆ ಎನ್ನುವ ಕೆಂಪು ಕಲ್ಲು. ಅದು ಹೊರಗಿನಿಂದ ಬಂದದ್ದಲ್ಲ. ಬಿಸಿಲು ಮಳೆಗಳಲ್ಲಿ ಕರಿಕಲ್ಲಿನ ಸತ್ವವೆಲ್ಲ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳು ಉಳಿದು ಗಟ್ಟಿಯಾದ ಕಲ್ಲು ಅದು. ಅಗೆದಾಗ ಮೆತ್ತಗಿದ್ದು ಗಾಳಿಗೆ ಬಿದ್ದಮೇಲೆ ಬಿರುಸಾಗುತ್ತದೆ. ತೂತುತೂತಾದ ಈ ಟೊಪ್ಪಿಗೆ ಮಳೆನೀರನ್ನು ಹೀರಿ ಕೆಳಗಿಳಿಸುತ್ತದೆ. ಕೆಳಗಿನ ಬಿಗಿಯಾದ ಕರಿಕಲ್ಲು ಆ ನೀರನ್ನು ತಡೆದು ನಿಲ್ಲಿಸುತ್ತದೆ. ಇಂಥ ಗುಡ್ಡಗಳ ಮೇಲೆ ಬಾವಿಗಳಿಗೆ ನೀರು ಸಿಗುವುದು ಹೀಗೆ. ಮೂರು ಅಂತಸ್ತಿನ ಅಂಧಾರ ಬಾವಿಯ ಮೆಟ್ಟಿಲಿಳಿಯುವಾಗ, ತಿಂಗಳುಗಟ್ಟಲೆ ಮುತ್ತಿಗೆ ತಾಳಿಕೊಳ್ಳುವ ಗಡಕ್ಕೆ ಗೋಡೆಗಿಂತ ನೀರು ಮುಖ್ಯ ಎಂಬುದನ್ನು ದಯವಿಟ್ಟು ನೆನೆಯಿರಿ.

ಹತ್ತುವ ಹಾದಿಯಲ್ಲಿ ಎರಡು ವಸ್ತುಗಳನ್ನು ಹತ್ತಿರದಿಂದ ನೋಡಬೇಕು. ಲಾವಾ ಆರುವಾಗ ಒಳಗಿನ ಗಾಳಿಗುಳ್ಳೆಗಳು ಹಾಗೆಯೇ ಉಳಿದ ಕಲ್ಲುಗಳಲ್ಲಿ ಮುಂದೆ ನೀರು ಇಳಿದು ಬಿಳಿಯ ಹರಳು ಕಟ್ಟಿರುತ್ತದೆ. ನನ್ನ ಮಗಳು ಚಿಕ್ಕವಳಿದ್ದಾಗ ಅಂಥದ್ದೊಂದನ್ನು ಕಲ್ಲುಸಕ್ಕರೆಯೆಂದು ನಾಲಿಗೆಗೆ ಹಚ್ಚಿದ್ದಳು. ಅದರ ಹೆಸರು ಜಿಯೊಲೈಟ್. ಎರಡನೆಯದು, ಕರಿಪದರಗಳ ನಡುವೆ ಕಾಣುವ ಇಟ್ಟಿಗೆ ಬಣ್ಣದ ಪಟ್ಟಿ. ಒಂದು ಲಾವಾ ಹರಿದು ಮತ್ತೊಂದು ಬರುವವರೆಗಿನ ಬಿಡುವಿನಲ್ಲಿ ಕಲ್ಲು ಮಣ್ಣಾಗುವಷ್ಟು ಕಾಲ ಸರಿದಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಆ ಪಟ್ಟಿ ಉಗುರಿಗೇ ಉದುರುತ್ತದೆ. ಒಂದು ಮಳೆಗಾಲ ಅಲ್ಲಿ ಹಿಡಿದ ಕಲ್ಲು ಕೈಗೆ ಕಿತ್ತು ಬಂದು ನಾನು ನಾಲ್ಕು ಮಾರು ಜಾರಿದ್ದೇನೆ. ಕೆಂಪು ಕಂಡಲ್ಲಿ ಕೈಯಾಸರೆ ನಂಬಬೇಡಿ, ಹಾದಿ ಬಿಟ್ಟು ಅಡ್ಡ ಹತ್ತಬೇಡಿ.

2025ರಲ್ಲಿ ಯುನೆಸ್ಕೊ ಮರಾಠರ ಹನ್ನೆರಡು ಕೋಟೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಪನ್ಹಾಳವೂ ಅದರಲ್ಲಿ ಸೇರಿತು. ಗೋಡೆಗಳಿಗೆ ಸಂದ ಗೌರವ ಗುಡ್ಡಕ್ಕೂ ಸಲ್ಲಬೇಕೆಂಬುದು ನನ್ನ ಆಸೆ.

ಮೇಲೆ ತಲುಪಿದಮೇಲೆ ಜೋತಿಬಾ ಗುಡ್ಡ ಕಾಣುವ ಕಡೆಯ ಗೋಡೆಯ ಬಳಿ ಎಲ್ಲರೂ ಸ್ವಲ್ಪ ಹೊತ್ತು ನಿಲ್ಲೋಣ. ಆ ಗುಡ್ಡದ ಎತ್ತರವೂ ಹೆಚ್ಚು ಕಡಿಮೆ ಇದರಷ್ಟೇ. ಎರಡರ ನಡುವೆ ಈಗ ಕಬ್ಬಿನ ಗದ್ದೆ, ಊರು, ರಸ್ತೆಗಳಿವೆ. ಆ ತೆರಪಿನ ತುಂಬ ಒಂದು ಕಾಲಕ್ಕೆ ಕಲ್ಲೇ ಇತ್ತು.