ಕೆಂಪು ಗುರುತು ಹಾಕಿದವರು ಯಾರು?

ಕೇಳುಗರಿಗೆ ನಮಸ್ಕಾರ.

ಹೋದ ವರ್ಷ ನಮ್ಮ ಪತ್ತಿನ ಸಂಘಕ್ಕೆ ಒಬ್ಬರು ಲ್ಯಾಪ್‌ಟಾಪ್ ಹಿಡಿದು ಬಂದಿದ್ದರು. ಸಾಲದ ಅರ್ಜಿ ತುಂಬಿದರೆ ಸಾಕು, ಕೃತಕ ಬುದ್ಧಿಮತ್ತೆ ಹಸಿರು ಇಲ್ಲವೇ ಕೆಂಪು ತೋರಿಸುತ್ತದೆ ಅಂದರು. ಹೆಸರು ಅಳಿಸಿ ಒಂದು ಹಳೇ ಅರ್ಜಿ ಕೊಟ್ಟೆವು. ಮುಂಡರಗಿ ಕಡೆಯ ಒಣಬೇಸಾಯದ ರೈತರದು. ಅವರು ಆ ಸಾಲ ಪೂರ್ತಿ ತೀರಿಸಿ ಎಷ್ಟೋ ವರ್ಷ ಆಗಿತ್ತು. ಪರದೆ ಮೇಲೆ ಬಂದದ್ದು ಕೆಂಪು.

ಯಾಕ್ರೀ ಅಂತ ಕೇಳಿದೆ. "ಸಿಸ್ಟಂ ಹಾಗೆ ಹೇಳುತ್ತೆ ಸರ್" ಅಂದರು.

ಗದಗದಿಂದ ಕಣಗಿನಹಾಳ ದೂರವೇನಲ್ಲ. 1905ರಲ್ಲಿ ಸಿದ್ದನಗೌಡ ಪಾಟೀಲರು ಅಲ್ಲಿ ಸಹಕಾರಿ ಪತ್ತಿನ ಸಂಘ ಕಟ್ಟಿದರು. ಹಿಂದಿನ ವರ್ಷವಷ್ಟೇ ಸಹಕಾರ ಕಾಯ್ದೆ ಬಂದಿತ್ತು. ಹಳ್ಳಿ ಸಂಘಗಳಿಗೆ ಅದರಲ್ಲಿ ಬಿಗಿ ಷರತ್ತು: ಸಂಘ ಮುಳುಗಿದರೆ ಸಾಮಾನ್ಯವಾಗಿ ಸದಸ್ಯರೆಲ್ಲರೂ ಮಿತಿಯಿಲ್ಲದೆ ಹೊಣೆ. ಸಾಲ ಕೊಡುವವರ ಸ್ವಂತ ಹೊಲವೇ ಒತ್ತೆ ಇದ್ದಂತೆ. ಅಂಥ ಸಂಘಗಳಲ್ಲಿ ಮುಲಾಜು ಇರಲಿಲ್ಲ, ಜಗಳ ಇರಲಿಲ್ಲ ಅಂತ ನಾನು ಹೇಳೋದಿಲ್ಲ. ಆದರೆ 'ನನಗ್ಯಾಕೆ ಕೊಡಲಿಲ್ಲ' ಅಂತ ಕೇಳಲು ಹೋಗಿ ನಿಲ್ಲೋಕೆ ಒಂದು ಮನೆ ಬಾಗಿಲಿತ್ತು.

ಯಂತ್ರ ಕಲಿಯುವುದು ಹಳೆಯ ಲೆಕ್ಕದಿಂದ. ಕಂತು ತಪ್ಪಿದ್ದು ಅದಕ್ಕೆ ಕಾಣುತ್ತದೆ. ಆ ವರ್ಷ ಮಳೆ ಕೈಕೊಟ್ಟದ್ದನ್ನು ಯಾರಾದರೂ ಹೇಳಿಕೊಡಬೇಕು. ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರಿಲ್ಲದ ಹೆಣ್ಣುಮಕ್ಕಳಿಗೆ ನಾವು ಹಿಂದೆ ಸಾಲ ಕೊಟ್ಟಿಲ್ಲ ಅಂದರೆ, ಅದೂ ಕೊಡಬೇಡಿ ಅನ್ನುತ್ತದೆ. ನಮ್ಮಿಂದಲೇ ಕಲಿತದ್ದು ಅಲ್ವಾ?

ನೆದರ್ಲೆಂಡ್ಸ್‌ನಲ್ಲಿ ಮಕ್ಕಳ ಪಾಲನೆಗೆ ಸರ್ಕಾರ ನೆರವು ಕೊಡುತ್ತದೆ. ಅದರಲ್ಲಿ ಮೋಸ ಹುಡುಕಲು ತೆರಿಗೆ ಇಲಾಖೆ ಇಂಥದ್ದೇ ಲೆಕ್ಕಾಚಾರ ಬಳಸಿತು. ಡಚ್ ಪೌರತ್ವ ಇಲ್ಲದವರ ಮೇಲೆ ಅನುಮಾನ ಜಾಸ್ತಿ. ಸಾವಿರಾರು ಕುಟುಂಬಗಳು ಸುಳ್ಳು ಆರೋಪ ಹೊತ್ತು, ಹಣ ಮರಳಿಸಲು ಸಾಲಕ್ಕೆ ಬಿದ್ದವು. 2021ರ ಜನವರಿಯಲ್ಲಿ ಇಡೀ ಸರ್ಕಾರ ರಾಜೀನಾಮೆ ಕೊಟ್ಟಿತು. ಸಿಸ್ಟಂ ಹೇಳಿತ್ತು ಅಂದರೆ ನಡೆಯಲಿಲ್ಲ.

ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರವೂ, ಮಾಹಿತಿ ಹೊರಗಿನ ಕಂಪನಿಗೆ ಕೊಟ್ಟರೂ ಹೊಣೆ ಸಂಸ್ಥೆಯದೇ. ಭದ್ರತೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿವರೆಗೆ. ನಮ್ಮ ಸಂಘದ ಠೇವಣಿಯೆಲ್ಲ ಸುರಿದರೂ ಅಷ್ಟಾಗೋದಿಲ್ಲ, ಬಿಡಿ.

ಆಡಳಿತ ಮಂಡಳಿಯಲ್ಲಿ ಠರಾವು ಬರೆದೆವು. ಯಂತ್ರ ಸಲಹೆ ಕೊಡಲಿ. 'ಸಾಲ ಇಲ್ಲ' ಅನ್ನುವ ಪತ್ರದಲ್ಲಿ ಮಾತ್ರ ಕಾರಣ ಕನ್ನಡದಲ್ಲಿ ಇರಬೇಕು, ಕೆಳಗೆ ಒಬ್ಬ ನಿರ್ದೇಶಕರ ಸಹಿ ಇರಬೇಕು. ಮೂರು ತಿಂಗಳಿಗೊಮ್ಮೆ ಕೆಂಪು ಅರ್ಜಿಗಳನ್ನು ಮತ್ತೆ ತೆರೆದು ನೋಡಬೇಕು. ಯಾವ ನಿರ್ದೇಶಕರು ಅನ್ನೋ ಮಾತು ಬಂದಾಗ ಸಭೆ ಗಪ್‌ಚುಪ್. ಚಹಾ ಬಂತು, ಆರಿತು. ಕೊನೆಗೆ ಅಧ್ಯಕ್ಷರೇ ಠರಾವು ಬುಕ್ಕು ಎಳೆದುಕೊಂಡು ತಮ್ಮ ಹೆಸರು ಬರೆದರು.

ನಮಸ್ಕಾರ.