ಠಾಣೆಯಿಂದ ಬರುವಾಗ ಕೈಯಲ್ಲಿ ಏನಿದೆ?

ಕೇಳುಗರಿಗೆಲ್ಲ ನಮಸ್ಕಾರ.

ಪೊಲೀಸ್ ಠಾಣೆಯಲ್ಲಿ ರೈಟರ್ ಅಂತ ಒಬ್ಬರಿರುತ್ತಾರೆ. ಅದು ಶ್ರೇಣಿಯಲ್ಲ, ಕೆಲಸ. ಕಡತ, ರಿಜಿಸ್ಟರು, ಠಾಣಾ ದಿನಚರಿ ಎಲ್ಲ ಅವರ ಕೈಯಲ್ಲಿ. ಹೆಡ್ ಕಾನ್ಸ್‌ಟೇಬಲ್ ಆಗಿ ನಾನು ಸೇವೆಯ ಬಹುಕಾಲ ಆ ಮೇಜಿನ ಹಿಂದೆಯೇ ಕೂತವನು. ಈಗ ನಿವೃತ್ತ. ಆದರೂ ಮದುವೆಮನೆಯಲ್ಲಿ ಸಿಕ್ಕವರು, ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಕೇಳುವುದು ಠಾಣೆಯ ವಿಷಯವನ್ನೇ. ಅಂಥ ಕೆಲವು ಪ್ರಶ್ನೆಗಳನ್ನು ಇವತ್ತು ಎತ್ತಿಕೊಂಡಿದ್ದೇನೆ.

ಎಲ್ಲಕ್ಕಿಂತ ಹೆಚ್ಚು ಕೇಳಿದ್ದು ಇದು: "ಸಾರ್, ಕಂಪ್ಲೇಂಟ್ ಕೊಟ್ಟು ಬಂದಿದ್ದೀವಿ, ಏನೂ ಆಗಿಲ್ಲ." ನಾನು ತಿರುಗಿ ಕೇಳುತ್ತೇನೆ, "ಕೈಗೆ ಏನು ಕೊಟ್ಟರು?" ಬಹಳ ಮಂದಿ ಅಲ್ಲಿಗೆ ಸುಮ್ಮನಾಗುತ್ತಾರೆ. "ಸಾಹೇಬರಿಗೆ ಎಲ್ಲಾ ಹೇಳಿದೀವಿ, ನೋಡ್ತೀನಿ ಅಂದ್ರು" ಅನ್ನುತ್ತಾರೆ. ನನ್ನ ಲೆಕ್ಕದಲ್ಲಿ ಅದು ದೂರು ಕೊಟ್ಟಂತಲ್ಲ. ಸಾಹೇಬರಿಗೆ ನಾಳೆ ಜಾತ್ರೆ ಬಂದೋಬಸ್ತು ಬೀಳುತ್ತದೆ, ಮುಂದಿನ ತಿಂಗಳು ವರ್ಗಾವಣೆ ಬರುತ್ತದೆ. ಬಾಯಲ್ಲಿ ಹೇಳಿದ್ದು ಅವರ ಜತೆಗೇ ಊರು ಬಿಡುತ್ತದೆ.

ಹಾಗಾದರೆ ಏನು ಕೇಳಿ ಪಡೆಯಬೇಕು? ಅದು ನೀವು ಹೇಳುವ ವಿಷಯವನ್ನು ಅವಲಂಬಿಸಿದೆ. ಕೊಲೆ, ದರೋಡೆ, ಅಪಹರಣ, ಅತ್ಯಾಚಾರ, ಮನೆಗಳವು ಇಂಥವೆಲ್ಲ ಸಂಜ್ಞೇಯ ಅಪರಾಧಗಳು. ಇವುಗಳಲ್ಲಿ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು, ಕೋರ್ಟನ್ನು ಕೇಳದೆ ತನಿಖೆ ಶುರುಮಾಡಬಹುದು. ಇಂಥ ಮಾಹಿತಿ ಬಂದರೆ ಎಫ್‌ಐಆರ್, ಅಂದರೆ ಪ್ರಥಮ ವರ್ತಮಾನ ವರದಿ ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರ ನವೆಂಬರ್‌ನಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿತು. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 173ನೇ ಕಲಮಿನ ಪ್ರಕಾರ ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಅಥವಾ ನೊಂದವರಿಗೆ ಉಚಿತವಾಗಿ ಕೊಡಬೇಕು. ಜೆರಾಕ್ಸ್ ಖರ್ಚೂ ನಿಮ್ಮದಲ್ಲ. ಠಾಣೆಯಲ್ಲಿ ಪೇಪರ್ ಖಾಲಿ, ಒಂದು ಬಂಡಲ್ ತಂದುಕೊಡಿ ಅಂತ ಯಾರಾದರೂ ಅಂದರೆ ತಂದುಕೊಡುವ ಅಗತ್ಯವಿಲ್ಲ. ನಾನು ಇದನ್ನು ಹೇಳಿದ್ದಕ್ಕೆ ಹಳೆಯ ಸಹೋದ್ಯೋಗಿಗಳು ಬೇಸರ ಮಾಡಿಕೊಳ್ಳಬಹುದು, ಮಾಡಿಕೊಳ್ಳಲಿ.

ಒಂದು ವಿನಾಯಿತಿಯನ್ನೂ ಹೇಳಿಬಿಡುತ್ತೇನೆ. ಮೂರು ವರ್ಷದಿಂದ ಏಳು ವರ್ಷದೊಳಗೆ ಶಿಕ್ಷೆಯಿರುವ ಅಪರಾಧವಾದರೆ, ಡಿವೈಎಸ್ಪಿ ಅನುಮತಿ ಪಡೆದು ಹದಿನಾಲ್ಕು ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಿ, ಆಮೇಲೆ ತೀರ್ಮಾನಿಸಲು ಹೊಸ ಕಾನೂನು ಅವಕಾಶ ಕೊಟ್ಟಿದೆ. "ವಿಚಾರಣೆ ಮಾಡ್ತಾ ಇದೀವಿ" ಅಂದರೆ, ಯಾವತ್ತಿನಿಂದ ಅಂತ ಕೇಳಿ. ಹದಿನಾಲ್ಕು ದಿನ ಅನ್ನುವುದು ನಿಮಗೆ ಗೊತ್ತಿದೆ ಅಂತ ತಿಳಿದರೆ ಸಾಕು, ಮಾತಿನ ಧಾಟಿ ಬದಲಾಗುತ್ತದೆ.

ಇನ್ನು ಬೈಗುಳ, ಕೈ ಮಿಲಾಯಿಸಿದ ಸಣ್ಣ ಜಗಳ. ಇವು ಅಸಂಜ್ಞೇಯ. ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆ ಪೊಲೀಸರು ತನಿಖೆ ಮಾಡುವ ಹಾಗಿಲ್ಲ. ಇಲ್ಲಿ ನಿಮಗೆ ಸಿಗುವುದು ಎನ್‌ಸಿಆರ್, ಅಂದರೆ ಅಸಂಜ್ಞೇಯ ಅಪರಾಧದ ವರದಿ. ಜನ ಅದನ್ನು ಕಂಡರೆ ಮೂಗು ಮುರಿಯುತ್ತಾರೆ, "ಬರೀ ಎನ್‌ಸಿ ಮಾಡಿ ಕಳಿಸಿದ್ರು" ಅಂತ. ಹಾಗನ್ನಬೇಡಿ. ಅದೇ ಮನುಷ್ಯ ಮತ್ತೆ ಬಂದು ದೊಡ್ಡ ಗಲಾಟೆ ಮಾಡಿದಾಗ, ಹಿಂದೆಯೂ ಹೀಗಾಗಿತ್ತು ಎನ್ನುವುದಕ್ಕೆ ಆ ಕಾಗದವೇ ಆಧಾರ. ಹೊಸ ಕಾನೂನಿನ ಒಂದು ವಿಚಿತ್ರವನ್ನು ಇಲ್ಲೇ ಹೇಳಬೇಕು. ಕಳುವಾದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದರೆ ಆ ಕಳವನ್ನು ಅಸಂಜ್ಞೇಯ ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಮೊದಲ ಅನುಸೂಚಿಯಲ್ಲಿ ಪಟ್ಟಿ ಮಾಡಲಾಗಿದೆ. ದಿನಗೂಲಿಯವನ ಹಳೇ ಸೈಕಲ್ಲು ಹೋದರೆ ಅವನಿಗೆ ಅದು ಸಣ್ಣದಲ್ಲ. ನನಗೆ ಈ ನಿಯಮ ಒಪ್ಪಿಗೆಯಾಗಿಲ್ಲ. ಆದರೆ ಕಾನೂನು ಇರುವುದು ಹಾಗೆ, ಅದಕ್ಕೆ ಮೇಜಿನ ಹಿಂದಿರುವ ರೈಟರ್ ಮೇಲೆ ರೇಗಿ ಪ್ರಯೋಜನವಿಲ್ಲ.

ಎಫ್‌ಐಆರೂ ಅಲ್ಲ, ಎನ್‌ಸಿಆರೂ ಅಲ್ಲ ಅಂದರೆ? ಆಗ ನಿಮ್ಮ ಅರ್ಜಿಗೆ ಸ್ವೀಕೃತಿ ಕೇಳಿ. ವಿಚಾರಣೆ ಮುಗಿದ ಮೇಲೆ ಏನಾಯಿತು ಅಂತ ಹಿಂಬರಹ ಕೇಳಿ. "ಇದು ಸಿವಿಲ್ ಸ್ವರೂಪದ ವ್ಯಾಜ್ಯವಾದ್ದರಿಂದ ನ್ಯಾಯಾಲಯದಲ್ಲಿ ಪರಿಹರಿಸಿಕೊಳ್ಳಲು ತಿಳಿಸಲಾಗಿದೆ" ಎಂಬ ಒಂದು ಸಾಲಿನ ಹಿಂಬರಹವೂ ಉಪಯೋಗಕ್ಕೆ ಬರುತ್ತದೆ. ನಿರಾಕರಿಸಿದ್ದಾರೆ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? ಅದನ್ನು ಹಿಡಿದು ಮೇಲಿನವರ ಹತ್ತಿರ ಹೋಗಬಹುದು.

ಸಿವಿಲ್ ಅಂದ ಮೇಲೆ ನೆನಪಾಯಿತು. ನಮ್ಮ ಕಡೆ ಹಳ್ಳಿ ಠಾಣೆಗಳ ಅರ್ಧ ದಿನ ಬದುವಿನ ಜಗಳದಲ್ಲೇ ಕಳೆಯುತ್ತದೆ. "ಅವನು ನಮ್ಮ ಜಮೀನು ಒತ್ತಿದ್ದಾನೆ, ಕರೆಸಿ ನಾಲ್ಕು ಬಿಗಿಯಿರಿ" ಅಂತ ಬರುತ್ತಾರೆ. ಗಡಿ ಎಲ್ಲಿದೆ ಅಂತ ಹೇಳುವ ಅಧಿಕಾರ ಸಬ್ ಇನ್ಸ್‌ಪೆಕ್ಟರಿಗೆ ಇಲ್ಲ. ಅದಕ್ಕೆ ಸರ್ವೆ ಇಲಾಖೆಯಲ್ಲಿ ಹದ್ದುಬಸ್ತಿಗೆ ಅರ್ಜಿ ಹಾಕಬೇಕು, ಮಾಲೀಕತ್ವದ ತಕರಾರಿದ್ದರೆ ಸಿವಿಲ್ ಕೋರ್ಟಿಗೆ ಹೋಗಬೇಕು. ಕುಡುಗೋಲು ಹಿಡಿದು ಬಂದರೆ, ಬೆಳೆಗೆ ಬೆಂಕಿ ಇಟ್ಟರೆ, ಆಗ ಪೊಲೀಸರ ಕೆಲಸ. ಕೈಸಾಲ ವಾಪಸ್ ಕೊಡಲಿಲ್ಲ ಅನ್ನುವುದೂ ಇದೇ ಜಾತಿಯದು. ಚೆಕ್ ಬೌನ್ಸ್ ಆದರೂ ದಾರಿ ಇರುವುದು ವಕೀಲರ ನೋಟಿಸು ಮತ್ತು ನೇರ ಕೋರ್ಟು. ಠಾಣೆಯಲ್ಲಿ ಕೂರಿಸಿ ರಾಜಿ ಪಂಚಾಯಿತಿ ಮಾಡಿಸಿದ್ದು ಆ ಹೊತ್ತಿಗೆ ಸುಲಭ ಅನ್ನಿಸುತ್ತದೆ. ಅಲ್ಲಿ ಬರೆಸಿಕೊಂಡ ಮುಚ್ಚಳಿಕೆಯಿಂದ ಸಾಲ ವಸೂಲಾಗುವುದಿಲ್ಲ.

"ಇದು ನಮ್ಮ ವ್ಯಾಪ್ತಿಗೆ ಬರಲ್ಲ, ಆ ಠಾಣೆಗೆ ಹೋಗಿ." ಈ ಮಾತು ಕೇಳದವರು ಕಡಿಮೆ. ಹುಬ್ಬಳ್ಳಿಯಿಂದ ರಾತ್ರಿ ಬಸ್ಸು ಹತ್ತಿ, ಬೆಂಗಳೂರಿನಲ್ಲಿ ಇಳಿದಾಗ ಬ್ಯಾಗು ಇಲ್ಲ ಅಂದುಕೊಳ್ಳಿ. ಕದ್ದದ್ದು ಹಾವೇರಿಯಲ್ಲೋ, ದಾವಣಗೆರೆಯಲ್ಲೋ, ತುಮಕೂರಿನಲ್ಲೋ? ಸಂಜ್ಞೇಯ ಅಪರಾಧದ ಮಾಹಿತಿಯನ್ನು, ಅದು ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಕೊಡಬಹುದು ಎಂದು 173ನೇ ಕಲಮಿನಲ್ಲೇ ಬರೆದಿದೆ. ಇದಕ್ಕೆ ಝೀರೋ ಎಫ್‌ಐಆರ್ ಅನ್ನುತ್ತಾರೆ. ದಾಖಲಿಸಿಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸುವುದು ಅವರ ಜವಾಬ್ದಾರಿ. ಇಮೇಲ್ ಮುಂತಾದ ವಿದ್ಯುನ್ಮಾನ ಮಾರ್ಗದಲ್ಲೂ ಮಾಹಿತಿ ಕಳಿಸಬಹುದು. ಆದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಅದನ್ನು ಮರೆತು ಮನೆಯಲ್ಲಿ ಕೂತರೆ ಕೆಲಸ ಮುಂದೆ ಸಾಗುವುದಿಲ್ಲ.

ಠಾಣಾಧಿಕಾರಿ ಬರೆದುಕೊಳ್ಳಲೇ ಇಲ್ಲ ಅಂದರೆ ದೂರನ್ನು ಜಿಲ್ಲಾ ಎಸ್ಪಿಗೆ ಅಂಚೆಯಲ್ಲಿ ಕಳಿಸಿ. ಬೆಂಗಳೂರು, ಮೈಸೂರಿನಂಥ ಕಮಿಷನರೇಟ್ ಊರುಗಳಲ್ಲಿ ಡಿಸಿಪಿಗೆ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ವಕೀಲರಿಗೆ ಕೊಡಲು ದುಡ್ಡಿಲ್ಲ ಅನ್ನುವವರು 15100ಕ್ಕೆ ಫೋನ್ ಮಾಡಿ. ಅದು ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವಿಗೆ ಹಕ್ಕಿದೆ.

ದೂರು ಹೇಗೆ ಬರೆಯಬೇಕು ಅಂತ ಕೇಳುವವರು ಕಡಿಮೆ. ನನಗೋ ಅದೇ ಮುಖ್ಯ ಪ್ರಶ್ನೆ. ರಸ್ತೆಯಾಚೆಯ ಟೈಪಿಂಗ್ ಅಂಗಡಿಯಲ್ಲಿ "ಘನತೆವೆತ್ತ ತಮ್ಮ ದಿವ್ಯ ಸನ್ನಿಧಾನಕ್ಕೆ" ಅಂತ ಶುರುಮಾಡಿ ಎರಡು ಪುಟ ಬರೆಸಿಕೊಂಡು ಬರುತ್ತಾರೆ, ಹುಡುಕಿದರೆ ಘಟನೆ ನಡೆದ ವೇಳೆಯೇ ಅದರಲ್ಲಿ ಇರುವುದಿಲ್ಲ. ನಿಮ್ಮದೇ ಮಾತಿನಲ್ಲಿ ಬರೆಯಿರಿ. ಯಾವತ್ತು, ಎಷ್ಟು ಗಂಟೆಗೆ, ಎಲ್ಲಿ, ಯಾರು, ಏನು ಮಾಡಿದರು, ಯಾರು ನೋಡಿದರು, ಏನು ಹೋಯಿತು. ಆಭರಣವಾದರೆ ತೂಕ, ವಾಹನವಾದರೆ ಚಾಸಿ ನಂಬರು, ಮೊಬೈಲಾದರೆ ಐಎಂಇಐ ನಂಬರು. ತಡವಾಗಿ ಬಂದಿದ್ದರೆ ಏಕೆ ತಡವಾಯಿತು ಅಂತ ಒಂದು ಸಾಲು ತಪ್ಪದೆ ಸೇರಿಸಿ. ಎದುರು ಪಾರ್ಟಿಯ ವಕೀಲರು ಕೋರ್ಟಿನಲ್ಲಿ ಮೊದಲು ಕೈ ಹಾಕುವುದೇ ಅಲ್ಲಿಗೆ. ಕೋಪದಲ್ಲಿ ಇಲ್ಲದ ಹೆಸರುಗಳನ್ನು ಸೇರಿಸಬೇಡಿ. ಜಗಳದಲ್ಲಿ ಇದ್ದದ್ದು ಇಬ್ಬರಾದರೆ ಅವರ ಅಪ್ಪ, ಅಮ್ಮ, ಮದುವೆಯಾಗಿ ಹೋದ ಅಕ್ಕನವರೆಗೂ ಬರೆಸುತ್ತಾರೆ. ಆಮೇಲೆ ನಿಜವಾದ ಭಾಗವನ್ನೂ ಯಾರೂ ನಂಬುವುದಿಲ್ಲ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಠಾಣೆಯವರೇ ಬರೆದುಕೊಂಡು, ಓದಿ ಹೇಳಿ, ಆಮೇಲೆ ಸಹಿಯನ್ನೋ ಹೆಬ್ಬೆಟ್ಟನ್ನೋ ಪಡೆಯಬೇಕು. ಓದಿ ಹೇಳದೆ ಹೆಬ್ಬೆಟ್ಟು ಒತ್ತಬೇಡಿ.

ಯಾರಾದರೂ ಕಾಣೆಯಾದರೆ ಇಪ್ಪತ್ನಾಲ್ಕು ಗಂಟೆ ಕಾಯಬೇಕಂತೆ, ಹೌದಾ? ಇಲ್ಲ, ಅಂಥ ಕಾನೂನೇ ಇಲ್ಲ. ತಕ್ಷಣ ಹೋಗಿ, ಇತ್ತೀಚಿನ ಫೋಟೋ ತೆಗೆದುಕೊಂಡು ಹೋಗಿ. ಮಕ್ಕಳಾದರೆ ಎಫ್‌ಐಆರ್ ಮಾಡಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಆದೇಶಿಸಿದೆ.

ಮಾರ್ಕ್ಸ್ ಕಾರ್ಡೋ ಆರ್‌ಸಿಯೋ ಕಳೆದುಹೋದರೆ ಠಾಣೆಯಲ್ಲಿ ಸಾಲು ನಿಲ್ಲಬೇಕಿಲ್ಲ. ಕರ್ನಾಟಕ ರಾಜ್ಯ ಪೊಲೀಸರ ಆಪ್‌ನಲ್ಲಿ ಇ-ಲಾಸ್ಟ್ ಅಂತ ಇದೆ, ಅದರಲ್ಲಿ ದಾಖಲಿಸಿದರೆ ಸ್ವೀಕೃತಿ ಸಿಗುತ್ತದೆ. ಇದು ಕಳೆದದ್ದಕ್ಕೆ ಮಾತ್ರ. ಕದ್ದದ್ದಾದರೆ ಠಾಣೆಗೇ ದೂರು ಕೊಡಬೇಕು.

ಇನ್ನೊಂದು ಭಯ, "ಸ್ಟೇಷನ್‌ಗೆ ಬನ್ನಿ ಅಂತ ಫೋನ್ ಬಂದಿದೆ." ಯಾವ ಪ್ರಕರಣ, ಯಾವ ಅಧಿಕಾರಿ ಅಂತ ಕೇಳಿ, ಲಿಖಿತ ನೋಟಿಸು ಕೊಡಿ ಅನ್ನಿ. ಆರೋಪಿಗೆ ಹಾಜರಾಗಲು ಕೊಡುವ ನೋಟಿಸನ್ನು ವಾಟ್ಸಾಪ್‌ನಲ್ಲಿ ಕಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಸಾಕ್ಷಿಯಾಗಿ ವಿಚಾರಿಸುವುದಾದರೆ ಹೆಂಗಸರನ್ನು, ಹದಿನೈದು ವರ್ಷದೊಳಗಿನ ಹುಡುಗರನ್ನು, ಅರವತ್ತು ದಾಟಿದ ಗಂಡಸರನ್ನು, ಅಂಗವಿಕಲರನ್ನು, ತೀವ್ರ ಕಾಯಿಲೆಯಲ್ಲಿರುವವರನ್ನು ಠಾಣೆಗೆ ಬಾ ಎಂದು ಒತ್ತಾಯಿಸುವ ಹಾಗಿಲ್ಲ. ಪೊಲೀಸರೇ ಮನೆಗೆ ಬಂದು ಕೇಳಬೇಕು. ನಿಮಗೆ ಒಪ್ಪಿಗೆಯಿದ್ದು ನೀವೇ ಹೋದರೆ ಬೇರೆ ಮಾತು. ಬಂಧಿಸಿದರೆ ಮನೆಯವರಿಗೆ ತಿಳಿಸಬೇಕು, ಕಾರಣ ಹೇಳಬೇಕು, ಪ್ರಯಾಣದ ಹೊತ್ತು ಬಿಟ್ಟು ಇಪ್ಪತ್ನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು.

ಈ ಭಯವನ್ನೇ ಬಂಡವಾಳ ಮಾಡಿಕೊಂಡವರು ಈಗ ಹುಟ್ಟಿಕೊಂಡಿದ್ದಾರೆ. ವಿಡಿಯೋ ಕರೆಯಲ್ಲಿ ಯೂನಿಫಾರಂ ಹಾಕಿ ಕೂತು, "ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಕ್ಯಾಮೆರಾ ಆಫ್ ಮಾಡಬೇಡಿ" ಅನ್ನುತ್ತಾರೆ. ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ದೇಶದ ಯಾವ ಕಾನೂನಿನಲ್ಲೂ ಇಲ್ಲ. ಮೇಷ್ಟ್ರು, ಬ್ಯಾಂಕಿನಲ್ಲಿ ದುಡಿದವರು, ಓದಿದವರೇ ಇದಕ್ಕೆ ಸಿಕ್ಕಿಬೀಳುತ್ತಾರೆ. ಕಾನೂನಿಗೆ ಹೆದರಿ ಬದುಕಿದ ಜನ ಅವರು. ಫೋನ್ ಇಡಿ, ಮನೆಯವರಿಗೆ ಹೇಳಿ. ದುಡ್ಡು ಹೋಗಿಬಿಟ್ಟಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆಮೇಲೆ ಠಾಣೆ. ಕಳ್ಳರು ಆ ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟಿಸುತ್ತಾ ಹೋಗುತ್ತಾರೆ. 1930ರಿಂದ ಬ್ಯಾಂಕಿಗೆ ಸೂಚನೆ ಹೋದಾಗ ಹಣ ಎಲ್ಲಿ ನಿಂತಿದೆಯೋ ಅಲ್ಲಿ ತಡೆಯಬಹುದು. ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದರೆ ಅಷ್ಟರಲ್ಲಿ ಯಾವುದೋ ರಾಜ್ಯದ ಎಟಿಎಂನಲ್ಲಿ ಅದು ನಗದಾಗಿರುತ್ತದೆ.

ಅಪಘಾತದಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದರೆ ಕೋರ್ಟು ಕಚೇರಿ ಅಲೆಯಬೇಕಾ ಅಂತ ಹುಡುಗರು ಕೇಳುತ್ತಾರೆ. ಬೇಡ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಮು ನಿಮಗೆ ರಕ್ಷಣೆ ಕೊಡುತ್ತದೆ. ಹೆಸರು ಹೇಳಲೇಬೇಕು ಅಂತಲೂ ಇಲ್ಲ.

ಅಂಥ ಹೊತ್ತಿನಲ್ಲಿ ಒತ್ತಬೇಕಾದ ನಂಬರು 112. ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕ ಎಲ್ಲಕ್ಕೂ ಅದೊಂದೇ. ಠಾಣೆಯ ಲ್ಯಾಂಡ್‌ಲೈನ್ ಹುಡುಕುತ್ತಾ ಕೂರಬೇಡಿ. ಫೋನ್ ಎತ್ತಿದವರು ನಿಮ್ಮ ಊರಿನವರಲ್ಲ, ಕಂಟ್ರೋಲ್ ರೂಮಿನವರು. "ರಂಗಪ್ಪನ ಹೋಟ್ಲು ಹತ್ರ" ಅಂದರೆ ಅವರಿಗೆ ಗೊತ್ತಾಗದು. ತಾಲ್ಲೂಕು, ಊರು, ಆಮೇಲೆ ಬಸ್‌ಸ್ಟಾಪೋ ಶಾಲೆಯೋ ದೇವಸ್ಥಾನವೋ, ಹೆದ್ದಾರಿಯಾದರೆ ಕಿಲೋಮೀಟರ್ ಕಲ್ಲಿನ ನಂಬರು, ಈ ಕ್ರಮದಲ್ಲಿ ಹೇಳಿ. ಯಾರಿಗಾದರೂ ಪೆಟ್ಟಾಗಿದೆಯೇ, ಎದುರಿನವರ ಕೈಯಲ್ಲಿ ಆಯುಧ ಇದೆಯೇ ಅನ್ನುವುದನ್ನೂ ಹೇಳಿ. ಆಮೇಲೆ ನೆಂಟರಿಗೆಲ್ಲ ಫೋನ್ ಮಾಡುತ್ತಾ ಲೈನ್ ಹಿಡಿದಿಡಬೇಡಿ. ದಾರಿ ಕೇಳಲು ವಾಹನದವರು ನಿಮಗೇ ವಾಪಸ್ ಕರೆ ಮಾಡಬಹುದು.

ನಮಸ್ಕಾರ.