ಇಬ್ಬರ ಪಯಣ, ಒಬ್ಬೊಬ್ಬರ ಅರ್ಜಿ

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತಿನ ನನ್ನ ಮಾತು ಮೂವತ್ತು ದಾಟದ ಜೋಡಿಗಳಿಗೆ. ಮದುವೆಯಾಗಿ ಒಂದೆರಡು ವರ್ಷವಾದವರು, ನಿಶ್ಚಿತಾರ್ಥ ಮುಗಿಸಿದವರು, ಡೊಂಬಿವಲಿಯಿಂದಲೋ ಮೀರಾ ರೋಡಿನಿಂದಲೋ ದಿನವೂ ಲೋಕಲ್ ಹಿಡಿದು ಕೆಲಸಕ್ಕೆ ಹೋಗುವವರು, ಒಂದು ವರ್ಷ ಹೊರದೇಶದಲ್ಲಿ ಇದ್ದು, ದುಡಿದು, ಊರು ನೋಡಿ ಬರೋಣವೇ ಎಂದು ರಾತ್ರಿ ಊಟದ ನಂತರ ಮಾತನಾಡಿಕೊಳ್ಳುವವರು. ಅವರು ಈಗ ರೈಲಿನಲ್ಲಿದ್ದರೆ ಮನೆಯಲ್ಲಿ ರೇಡಿಯೋ ಹಾಕಿಕೊಂಡು ಕುಳಿತ ಅಮ್ಮಂದಿರು, ಅತ್ತೆಯಂದಿರು ಕೇಳುತ್ತಿರುತ್ತೀರಿ. ನೀವೂ ಕೇಳಿ. ಈ ಮಾತು ನಿಮಗೂ ಸೇರಿದ್ದು.

ಮುಂಬಯಿಯ ಮಾಟುಂಗದಲ್ಲಿ ಕುಳಿತು ಜನರ ವೀಸಾ ಕಾಗದಪತ್ರ ಸರಿಮಾಡಿಕೊಡುವುದು ನನ್ನ ಕೆಲಸ. ಇಷ್ಟು ವರ್ಷಗಳ ಅನುಭವದಿಂದ ಒಂದೇ ಒಂದು ವಿಷಯ ಹೇಳಲು ಬಂದಿದ್ದೇನೆ. ಹೀಗೆ ಹೊರದೇಶದಲ್ಲಿ ದುಡಿದು, ಸುತ್ತಿ ಬರುವ ಬಗೆಯ ವೀಸಾದಲ್ಲಿ ಜೋಡಿ ಎಂಬುದೇ ಇಲ್ಲ. ಗಂಡ ಒಂದು ಅರ್ಜಿ, ಹೆಂಡತಿ ಇನ್ನೊಂದು ಅರ್ಜಿ. ಅವನಿಗೆ ಸಿಕ್ಕಿತೆಂದು ಅವಳಿಗೆ ಸಿಗುವುದಿಲ್ಲ, ಅವಳಿಗೆ ಸಿಕ್ಕಿತೆಂದು ಅವನಿಗೂ ಇಲ್ಲ. ಹಾಗಾಗಿ ಫಾರ್ಮ್ ತುಂಬುವ ಮೊದಲು ನೀವಿಬ್ಬರೂ ಎದುರುಬದುರು ಕುಳಿತು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು: ಚೀಟಿ ಎತ್ತುವಾಗ ಒಬ್ಬರ ಹೆಸರು ಮಾತ್ರ ಬಂದರೆ ಏನು ಮಾಡುತ್ತೇವೆ?

ಮೊದಲು ಆ ವೀಸಾ ಯಾವುದೆಂದು ಹೇಳುತ್ತೇನೆ. ಆಸ್ಟ್ರೇಲಿಯಾದ ವರ್ಕ್ ಅಂಡ್ ಹಾಲಿಡೇ ವೀಸಾ, ಅದರ ಸಂಖ್ಯೆ 462. ಭಾರತ ಮತ್ತು ಆಸ್ಟ್ರೇಲಿಯಾ 2022ರಲ್ಲಿ ಸಹಿ ಹಾಕಿದ ವ್ಯಾಪಾರ ಒಪ್ಪಂದದ ಫಲವಾಗಿ ಇದು 2024ರ ಸೆಪ್ಟೆಂಬರ್‌ನಲ್ಲಿ ನಮ್ಮವರಿಗೆ ತೆರೆಯಿತು. ವಯಸ್ಸು 18ರಿಂದ 30. ಹನ್ನೆರಡು ತಿಂಗಳು ಅಲ್ಲಿ ಇರಬಹುದು, ಸುತ್ತಬಹುದು, ದುಡಿಯಬಹುದು. ಸಾಮಾನ್ಯವಾಗಿ ಒಬ್ಬ ಮಾಲೀಕನ ಬಳಿ ಆರು ತಿಂಗಳಷ್ಟೇ ಕೆಲಸ. ನಾಲ್ಕು ತಿಂಗಳವರೆಗೆ ಓದಲೂಬಹುದು. ವರ್ಷಕ್ಕೆ 1,000 ಭಾರತೀಯರಿಗೆ ಅವಕಾಶ. ಬಯಸುವವರು ಅದಕ್ಕಿಂತ ಎಷ್ಟೋ ಹೆಚ್ಚು. ಆದ್ದರಿಂದ ಮೊದಲು 25 ಆಸ್ಟ್ರೇಲಿಯನ್ ಡಾಲರ್ ಕಟ್ಟಿ ಹೆಸರು ನೋಂದಾಯಿಸಬೇಕು. ಆ ಹೆಸರುಗಳಲ್ಲಿ ಕಂಪ್ಯೂಟರ್ ಚೀಟಿ ಎತ್ತುತ್ತದೆ. ಚೀಟಿ ಬಂದವರು ಮಾತ್ರ ನಿಜವಾದ ಅರ್ಜಿ ಹಾಕಬಹುದು, ಅದೂ 28 ದಿನಗಳೊಳಗೆ.

ಈಗ ಒಂದು ಲೆಕ್ಕ ಹೇಳುತ್ತೇನೆ, ಗಮನವಿಟ್ಟು ಕೇಳಿ. ಮೊದಲ ವರ್ಷ ನೋಂದಣಿ ತೆರೆದಾಗ ಎರಡೇ ವಾರಗಳಲ್ಲಿ ಸುಮಾರು 40,000 ಹೆಸರುಗಳು ಬಂದವು ಎಂದು ಅಲ್ಲಿನ ಮಂತ್ರಿಗಳು ಹೇಳಿದರು. ಇರುವ ಜಾಗ 1,000. ಅಂದರೆ ನಲವತ್ತು ಜನರಲ್ಲಿ ಒಬ್ಬರಿಗೆ. ನಮ್ಮಂಥ 1,600 ಜೋಡಿಗಳು ನೋಂದಾಯಿಸಿದರು ಎಂದುಕೊಳ್ಳಿ. ಅವರಲ್ಲಿ 1,521 ಜೋಡಿಗಳಿಗೆ ಯಾರ ಹೆಸರೂ ಬರುವುದಿಲ್ಲ. ಇಬ್ಬರ ಹೆಸರೂ ಬರುವುದು ಒಂದೇ ಒಂದು ಜೋಡಿಗೆ. ಉಳಿದ 78 ಜೋಡಿಗಳಲ್ಲಿ ಗಂಡನದೋ ಹೆಂಡತಿಯದೋ ಒಂದೇ ಹೆಸರು ಬರುತ್ತದೆ. ಅದೃಷ್ಟ ಕೈಹಿಡಿದರೂ ಅದು ಒಬ್ಬರ ಕೈಯನ್ನು ಮಾತ್ರ ಹಿಡಿಯುವುದೇ ಹೆಚ್ಚು. ಹೀಗಿರುವಾಗ ನನ್ನ ಬಳಿ ಬರುವ ಜೋಡಿಗಳೆಲ್ಲ ಇಬ್ಬರದೂ ಬಂದರೆ ಯಾವ ಊರಿನಲ್ಲಿ ಮನೆ ಮಾಡೋಣ ಎಂದು ಕೇಳುತ್ತಾರೆ. ಒಬ್ಬರದೇ ಬಂದರೆ ಎಂದು ಯಾರೂ ಕೇಳುವುದಿಲ್ಲ.

ಹಾಗೆ ಕೇಳದೆ ಹೋದ ಒಂದು ಜೋಡಿಯ ಕತೆ ಹೇಳುತ್ತೇನೆ. ಹೆಸರು ಬೇಡ. ಡೊಂಬಿವಲಿ ಪೂರ್ವದ ಮನೆ, ಮೂಲ ಉಡುಪಿಯ ಕಡೆ. ಹುಡುಗನಿಗೆ 28, ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ, ಒಳ್ಳೆಯ ಕೈ. ಹುಡುಗಿಗೆ 26, ಬಿ.ಕಾಂ. ಓದಿ ಒಂದು ಕಚೇರಿಯಲ್ಲಿ ಲೆಕ್ಕ ನೋಡುತ್ತಿದ್ದಳು. ಆಸ್ಟ್ರೇಲಿಯಾದ ಕನಸು ಅವನದು. ಅವಳು ಜೊತೆಗೆ ಹೆಸರು ಕೊಟ್ಟಿದ್ದಳು, ಅಷ್ಟೆ. ಇಬ್ಬರಿಗೂ ಅವನದೇ ಇ-ಮೇಲ್ ವಿಳಾಸ. ಹಣವೆಲ್ಲ ಅವನ ಖಾತೆಯಲ್ಲಿ. ಅವಳ ಸಂಬಳವೂ ತಿಂಗಳ ಮೊದಲ ವಾರವೇ ಅಲ್ಲಿಗೆ ಹೋಗುತ್ತಿತ್ತು.

ಚೀಟಿಯಲ್ಲಿ ಬಂದದ್ದು ಅವಳ ಹೆಸರು.

ಅವನು ಮೇಲ್ ನೋಡಿದ, ಅದರಲ್ಲಿ ತನ್ನ ಹೆಸರಿಲ್ಲ ಎಂಬುದನ್ನೂ ನೋಡಿದ. ತನ್ನದು ನಾಳೆಯೋ ನಾಡಿದ್ದೋ ಬರಬಹುದೆಂದು ಕಾಯುತ್ತ ಒಂಬತ್ತು ದಿನ ಕಳೆದ. ಹತ್ತನೆಯ ದಿನ ಇಬ್ಬರೂ ನನ್ನೆದುರು ಕುಳಿತರು, ಜೊತೆಗೆ ಅವನ ತಾಯಿ. ತಾಯಿಯವರದೇ ಮೊದಲ ಮಾತು: "ಅವಳೊಬ್ಬಳನ್ನೇ ಅಷ್ಟು ದೂರ ಹೇಗೆ ಕಳಿಸುವುದು? ಅವಳ ಚೀಟಿಯನ್ನು ಇವನ ಹೆಸರಿಗೆ ಮಾಡಿಕೊಡಿ." ಹಾಗೆ ಬದಲಿಸಲು ಬರುವುದಿಲ್ಲವೆಂದು ಹೇಳಿದೆ. ಗಂಡನನ್ನು ಅವಳ ಅರ್ಜಿಯೊಳಗೆ ಸೇರಿಸಿ ಎಂದರು. ಅದೂ ಆಗುವುದಿಲ್ಲ. ಮತ್ತೆ ಮತ್ತೆ ಅದನ್ನೇ ಹೇಳಿದೆ. ಆಮೇಲೆ ಆ ಹುಡುಗಿಯ ಕಡೆ ತಿರುಗಿ, "ನಿನಗೆ ಹೋಗಬೇಕೆಂದಿದೆಯೇನಮ್ಮ?" ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಡಂ, ಹತ್ತು ದಿನದಲ್ಲಿ ಇದನ್ನು ಕೇಳಿದವರು ನೀವೇ ಮೊದಲು. ನನಗೆ ಹೋಗಬೇಕು" ಎಂದಳು.

ಆ ಹುಡುಗನನ್ನು ನಾನು ಮೆಚ್ಚಿದ್ದು ಆಗ. ಅವನ ಮುಖ ಬಾಡಿತ್ತು, ನಿಜ. ಆದರೂ ತಾಯಿಯ ಕಡೆ ತಿರುಗಿ, "ಅಜ್ಜ ಮುಂಬಯಿಗೆ ಬಂದಾಗ ಒಬ್ಬರೇ ಬಂದರಲ್ಲವೇ ಅಮ್ಮ?" ಎಂದ. ಆ ಅಜ್ಜ ಹದಿನಾರನೆಯ ವಯಸ್ಸಿಗೆ ಹೊಟ್ಟೆಪಾಡಿಗೆಂದು ಇಲ್ಲಿಗೆ ಬಂದವರು. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ತಿಂಗಳು ತಿಂಗಳು ಊರಿಗೆ ಮನಿ ಆರ್ಡರ್ ಕಳಿಸಿದವರು. ಅಜ್ಜಿ ಬಂದದ್ದು ಆರು ವರ್ಷಗಳ ನಂತರ. ಮುಂಬಯಿಯ ನಮ್ಮ ಮನೆಗಳಲ್ಲಿ ಇಂಥದೊಂದು ಕತೆ ಇಲ್ಲದ ಮನೆ ಯಾವುದು? ಆ ತಾಯಿ ಮತ್ತೇನೂ ಹೇಳಲಿಲ್ಲ. ಚೀಲದಿಂದ ಕಾಗದದ ಕಟ್ಟು ತೆಗೆದು ನನ್ನ ಮೇಜಿನ ಮೇಲಿಟ್ಟರು.

ಕಟ್ಟು ಬಿಚ್ಚಿದಾಗ ನನಗೆ ಚಿಂತೆ ಹತ್ತಿತು. ಪಾಸ್‌ಪೋರ್ಟಿನಲ್ಲಿ ಮದುವೆಯ ನಂತರದ ಹೆಸರು, ಗಂಡನ ಮನೆತನದ ಹೆಸರಿನೊಂದಿಗೆ. ಪ್ಯಾನ್ ಕಾರ್ಡಿನಲ್ಲಿ ತವರಿನ ಹೆಸರು. ಪದವಿ ಪತ್ರದಲ್ಲಿ ತವರಿನ ಹೆಸರು, ಅದೂ ಇನಿಷಿಯಲ್ ಜೊತೆ. ಮೂರು ಕಾಗದ, ಮೂರು ಹೆಸರು, ಒಬ್ಬಳೇ ಹುಡುಗಿ. ಭಾರತೀಯರ ನೋಂದಣಿಗೆ ಪಾಸ್‌ಪೋರ್ಟ್ ಮತ್ತು ಪ್ಯಾನ್ ಎರಡೂ ಬೇಕು. ಈ ಮೂರೂ ಹೆಸರುಗಳು ಅವಳದೇ ಎಂದು ತೋರಿಸುವ ಕೊಂಡಿ ಮದುವೆಯ ಪ್ರಮಾಣಪತ್ರ. ಅದೆಲ್ಲಿ ಎಂದು ಕೇಳಿದರೆ ಆಮಂತ್ರಣ ಪತ್ರಿಕೆ ಮತ್ತು ಫೋಟೋ ಆಲ್ಬಮ್ ತೋರಿಸಿದರು. ಮದುವೆ ಉಡುಪಿಯ ಒಂದು ಸಭಾಭವನದಲ್ಲಿ ಆದದ್ದು, ನೋಂದಣಿ ಮಾಡಿಸಿಯೇ ಇರಲಿಲ್ಲ. ಮದುವೆಯ ಕಾಗದವಿಲ್ಲದೆ ಪಾಸ್‌ಪೋರ್ಟಿನಲ್ಲಿ ಹೆಸರು ಹೇಗೆ ಬದಲಾಯಿತು ಎಂದರೆ, ಇಬ್ಬರೂ ಸಹಿ ಹಾಕಿದ ಅಫಿಡವಿಟ್ ಕೊಟ್ಟಿದ್ದರಂತೆ.

ಅದೇ ರಾತ್ರಿ ಎರಡೂ ಮನೆಯವರಿಗೆ ಫೋನ್ ಹೋಯಿತು. ಮರುದಿನ ಮಧ್ಯಾಹ್ನ ಇಬ್ಬರೂ ಥಾಣೆ ನಿಲ್ದಾಣದಲ್ಲಿ ಮತ್ಸ್ಯಗಂಧ ರೈಲು ಹತ್ತಿದರು. ಉಡುಪಿಯಲ್ಲಿ ಇಳಿದು, ಮದುವೆ ಮಾಡಿಸಿದ ಭಟ್ಟರನ್ನು ಹುಡುಕಿ, ಸಾಕ್ಷಿಗಳನ್ನು ಕರೆದುಕೊಂಡು ಉಪನೋಂದಣಿ ಕಚೇರಿಗೆ ಹೋಗಿ ಮದುವೆ ನೋಂದಾಯಿಸಿ ಪ್ರಮಾಣಪತ್ರ ಹಿಡಿದು ಬಂದರು. ಅಷ್ಟರಲ್ಲಿ ಐದು ದಿನ ಹೋಯಿತು. ಆಮೇಲೆ ಹಣ. ಈ ವೀಸಾಕ್ಕೆ ಸುಮಾರು 5,000 ಆಸ್ಟ್ರೇಲಿಯನ್ ಡಾಲರ್, ಅದರ ಮೇಲೆ ಪ್ರಯಾಣದ ಟಿಕೆಟಿಗಾಗುವಷ್ಟು ಹಣ ಅರ್ಜಿದಾರರ ಬಳಿ ಇದೆಯೆಂದು ತೋರಿಸಬೇಕು. ಅವಳ ಖಾತೆಯಲ್ಲಿ ಇದ್ದದ್ದು ಹನ್ನೊಂದು ಸಾವಿರ ರೂಪಾಯಿ. ನಾಲ್ಕು ವರ್ಷ ದುಡಿದ ಹುಡುಗಿಯ ಖಾತೆ! ಗಂಡ ಒಂದೇ ಸಲಕ್ಕೆ ದೊಡ್ಡ ಮೊತ್ತ ವರ್ಗಾಯಿಸಿದ. ಆ ಹಣ ಎಲ್ಲಿಂದ ಬಂತೆಂದು ವಿವರಿಸಲು ಅವನ ಪತ್ರ, ಅವನ ಖಾತೆಯ ವಿವರ, ಅವಳ ನಾಲ್ಕು ವರ್ಷದ ಸಂಬಳದ ಚೀಟಿ, ಎಲ್ಲವನ್ನೂ ಜೋಡಿಸಿದೆವು. ಅವಳಿಗೆ ಇಂಗ್ಲಿಷ್ ಬರುತ್ತದೆಂದು ತೋರಿಸಲು, ಇಂಗ್ಲಿಷ್ ಮಾಧ್ಯಮದಲ್ಲಿ ಓದಿದಳೆಂಬ ಪತ್ರವನ್ನು ಕಾಲೇಜಿನಿಂದ ತರಲು ಇನ್ನೂ ನಾಲ್ಕು ದಿನ. ಅರ್ಜಿ ಒಳಗೆ ಹೋದದ್ದು ಇಪ್ಪತ್ತಾರನೆಯ ದಿನ ರಾತ್ರಿ ಹನ್ನೊಂದೂವರೆಗೆ.

ವೀಸಾ ಬಂತು. ಅವಳು ಈಗ ಉತ್ತರ ಆಸ್ಟ್ರೇಲಿಯಾದ ಕೇರ್ನ್ಸ್ ಎಂಬ ಊರಿನ ಒಂದು ಹೋಟೆಲಿನಲ್ಲಿದ್ದಾಳೆ. ಆ ಭಾಗದ ಹೋಟೆಲು, ಪ್ರವಾಸೋದ್ಯಮದ ಕೆಲಸವನ್ನು ಮೂರು ತಿಂಗಳು ಮಾಡಿದರೆ ಎರಡನೆಯ ವರ್ಷದ ವೀಸಾ ಕೇಳುವ ಹಕ್ಕು ಬರುತ್ತದೆ. ಆ ಊರನ್ನು ಅವಳು ಆರಿಸಿದ್ದು ಅದಕ್ಕೇ. ಅವನು ಪ್ರವಾಸಿ ವೀಸಾದಲ್ಲಿ ಹೋಗಿ ಐದು ವಾರ ಇದ್ದು ಬಂದ. ಆ ವೀಸಾದಲ್ಲಿ ದುಡಿಯುವಂತಿಲ್ಲ, ಅವನು ದುಡಿಯಲೂ ಇಲ್ಲ. ಮತ್ತೆ ಹೆಸರು ನೋಂದಾಯಿಸಿ ಕಾಯುತ್ತಿದ್ದಾನೆ, ಈ ಸಲ ಬೇರೆ ಇ-ಮೇಲಿನಿಂದ.

ಕತೆಗೆ ಹೆಚ್ಚು ಸಮಯ ತೆಗೆದುಕೊಂಡೆ, ಗಡಿಯಾರ ನೋಡುತ್ತಿದ್ದೇನೆ. ಆದರೆ ಇವರು ಒಂಬತ್ತು ದಿನ ಕಳೆದುಕೊಂಡದ್ದು ಕಾಗದವಿಲ್ಲದ್ದಕ್ಕಲ್ಲ, ಒಬ್ಬರದೇ ಬಂದರೆ ಏನು ಎಂಬ ಮಾತು ಆ ಮನೆಯಲ್ಲಿ ನಡೆದಿರಲಿಲ್ಲ. ಆ ಮಾತು ನಿಮ್ಮ ಮನೆಯಲ್ಲಿ ನಡೆಯಲಿ.

ಇನ್ನುಳಿದದ್ದನ್ನು ಬೇಗ ಬೇಗ ಹೇಳುತ್ತೇನೆ. ಇಬ್ಬರಿಗೂ ಬೇರೆ ಬೇರೆ ಇ-ಮೇಲ್ ಇರಲಿ, ದಿನವೂ ನೋಡಿ. ಇಬ್ಬರ ಖಾತೆಯಲ್ಲೂ ಈಗಿನಿಂದಲೇ ಹಣ ಸೇರುತ್ತಿರಲಿ. ಮದುವೆಯಾದವರು ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ. ಮುಂಬಯಿಯಲ್ಲೇ ಮದುವೆಯಾಗಿದ್ದರೆ ಪಾಲಿಕೆಯ ವಾರ್ಡ್ ಕಚೇರಿಯಲ್ಲಿ ಆಗುತ್ತದೆ. ನೋಂದಣಿ ಮಾಡಿ ಚೀಟಿಗೆ ಕಾಯುವಾಗ ಪಾಸ್‌ಪೋರ್ಟ್ ಬದಲಿಸಬೇಡಿ, ಹೆಸರು ಬದಲಿಸಬೇಡಿ. ಮದುವೆಯಾಗದ ಜೋಡಿಯ ತಂದೆತಾಯಿಗಳಿಗೆ ಒಂದು ಮಾತು: ವೀಸಾ ಸುಲಭವಾಗುತ್ತದೆಂದು ಅವಸರದಲ್ಲಿ ಮದುವೆ ಮಾಡಬೇಡಿ. ಈ ವೀಸಾ ಮದುವೆಯನ್ನು ಕೇಳುವುದೇ ಇಲ್ಲ. ಈ ಮಾತನ್ನು ಎಷ್ಟು ಮನೆಗಳಲ್ಲಿ ಹೇಳಿದ್ದೇನೋ, ಆದರೂ ಹಾಲ್ ಬುಕ್ ಮಾಡಿಯೇ ನನ್ನ ಬಳಿ ಬರುತ್ತಾರೆ. ನಿಮ್ಮನ್ನು ನಂಬಿದ ಚಿಕ್ಕ ಮಕ್ಕಳಿದ್ದರೆ ಅವರನ್ನು ಜೊತೆಗೆ ಕರೆದೊಯ್ಯುವಂತಿಲ್ಲ.

ಬ್ರಿಟನ್ನಿನದೂ ಹೀಗೆಯೇ. ಅಲ್ಲಿನದು ಯಂಗ್ ಪ್ರೊಫೆಷನಲ್ಸ್ ಯೋಜನೆ, 2023ರಲ್ಲಿ ಶುರುವಾಯಿತು. ವರ್ಷಕ್ಕೆ 3,000 ಜನ, ಎರಡು ವರ್ಷದ ವೀಸಾ, ವಯಸ್ಸು ಅದೇ 18ರಿಂದ 30. ಪದವಿ ಬೇಕು. 2,530 ಪೌಂಡ್ ನಿಮ್ಮ ಖಾತೆಯಲ್ಲಿ ಸತತ 28 ದಿನ ಕದಲದೆ ಇರಬೇಕು. ಚೀಟಿಗೆ ಹೆಸರು ಕೊಡಲು ಹಣ ಕಟ್ಟಬೇಕಾಗಿಲ್ಲ. ಅಲ್ಲಿಯೂ ಗಂಡನ ಅರ್ಜಿಯಲ್ಲಿ ಹೆಂಡತಿಗೆ ಜಾಗವಿಲ್ಲ, ಹೆಂಡತಿಯ ಅರ್ಜಿಯಲ್ಲಿ ಗಂಡನಿಗೆ ಜಾಗವಿಲ್ಲ. ನಿಮಗೆ ನೆನಪಿರಲೆಂದೇ ಮತ್ತೆ ಹೇಳುತ್ತಿದ್ದೇನೆ.

ಕೊನೆಯದಾಗಿ, ಹೆಸರು ಖಂಡಿತ ಬರುವಂತೆ ಮಾಡಿಸುತ್ತೇನೆ, ಇಬ್ಬರದೂ ಒಟ್ಟಿಗೆ ಬರುವಂತೆ ಮಾಡಿಸುತ್ತೇನೆ ಎಂದು ಸಾವಿರಾರು ರೂಪಾಯಿ ಕೇಳುವವರು ಇದ್ದಾರೆ. ಚೀಟಿ ಎತ್ತುವುದು ಕಂಪ್ಯೂಟರ್. ಅದರ ಮೇಲೆ ನನ್ನ ಕೈಯೂ ಇಲ್ಲ, ಅವರ ಕೈಯೂ ಇಲ್ಲ. ಅಂಥವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ನೋಂದಣಿಯನ್ನು ಆಸ್ಟ್ರೇಲಿಯಾ ಸರಕಾರದ ಜಾಲತಾಣದಲ್ಲಿ ನೀವೇ ಮಾಡಬಹುದು, ಅರ್ಧ ಗಂಟೆಯ ಕೆಲಸ.

ಇವತ್ತು ರಾತ್ರಿ ಊಟವಾದ ಮೇಲೆ ಇಬ್ಬರೂ ನಿಮ್ಮ ನಿಮ್ಮ ಪಾಸ್‌ಪೋರ್ಟ್, ಪ್ಯಾನ್ ಕಾರ್ಡ್, ಪದವಿ ಪತ್ರ ತೆಗೆದು ಮೇಜಿನ ಮೇಲೆ ಸಾಲಾಗಿ ಇಡಿ. ಹೆಸರುಗಳನ್ನು ಒಂದೊಂದೇ ಅಕ್ಷರ ಬಿಡಿಸಿ ಗಟ್ಟಿಯಾಗಿ ಓದಿ. ಓದಿಯಾದ ಮೇಲೆ ಕಾಗದ ಹಾಗೆಯೇ ಇರಲಿ, ಮೊದಲು ಹೇಳಿದ ಆ ಪ್ರಶ್ನೆಯನ್ನು ಒಬ್ಬರನ್ನೊಬ್ಬರು ಕೇಳಿ.

ನಮಸ್ಕಾರ.